ಆ ಜರ್ಕ್ ಎಲ್ಲಿಂದ ಬಂತು?

‘ಗೇರ್‌ಬಾಕ್ಸ್ ಹೋಗಿದೆ, ಇಳೀರಿ ಎಲ್ರೂ!’

ಹಿಂದಿನ ಸೀಟಿನಲ್ಲಿ ಹಣೆ ಚಚ್ಚಿಸಿಕೊಂಡು ಹೀಗೆ ಕೂಗಿದವನು ನಾನೇ. ಕಳೆದ ಮಂಗಳವಾರ, ಕೃಷ್ಣಮೂರ್ತಿಪುರಂನ ಒಂದು ಅಡ್ಡರಸ್ತೆಯಲ್ಲಿ. (ಬುಧವಾರ ಎನ್ನುತ್ತಾಳೆ ಹೆಂಡತಿ. ಇರಬಹುದು. ನನ್ನ ನೆನಪಿಗೆ ಸಾಕ್ಷಿ ಬೇಕು.)

ನಮ್ಮ ಮನೆಯಲ್ಲಿ ಕಾರು ಓಡಿಸುವವಳು ಅವಳು, ನಾಗರತ್ನ. ನನಗೆ ಸೈಕಲ್ಲೇ ನೆಟ್ಟಗೆ ಬಾರದು. ಎಂಟು ತಿಂಗಳ ಹಿಂದೆ ಮೆಟ್ಟಿಲಿನಲ್ಲಿ ಜಾರಿ ಅವಳ ಎಡಗಾಲು ಮುರಿಯಿತು. ರಾಡ್ ಹಾಕಿದರು. ಮೂಳೆ ಕೂಡಿತು, ಕಾಲು ಮಾತ್ರ ಏಳಲೊಲ್ಲದು. ಫಿಸಿಯೋಥೆರಪಿಸ್ಟ್ ‘ಎತ್ತಿ ಆಂಟಿ’ ಎಂದರೆ ‘ಆಗಲ್ಲ ಕಣಮ್ಮ’, ಒಂದೇ ಉತ್ತರ. ಡಾಕ್ಟರು ಹೇಳಿಬಿಟ್ಟರು: ಎಡಗಾಲಲ್ಲಿ ತುಳಿಯುವ ಕ್ಲಚ್ ಮರೆತುಬಿಡಿ, ಓಡಿಸಲೇಬೇಕಾದರೆ ಕ್ಲಚ್ಚೇ ಇಲ್ಲದ ಆಟೋಮ್ಯಾಟಿಕ್.

ಅವತ್ತು ಕಾರಿನ ಕೀ ಬೀರು ಸೇರಿತು. ಅವಳ ಮಾತೂ ಅದರ ಜೊತೆಗೇ ಹೋಯಿತೇನೋ.

ಕೊನೆಗೆ ನಾನೇ ಆಟೋಮ್ಯಾಟಿಕ್ ಹುಡುಕಲು ಹೊರಟೆ. ದೊಡ್ಡ ಕಾರೇ ಬೇಕು. ಅವಳಮ್ಮ, ಅಮ್ಮನ ವಾಕರ್, ಇಬ್ಬರು ತಂಗಿಯರು, ದಾರಿ ತಪ್ಪಿಸಲು ನಾನು. ಹೊಸದು ಕೈಗೆಟುಕದು. ಹಳೆಯದಾದರೆ ಗೇರ್‌ಬಾಕ್ಸನ್ನು ನಂಬುವುದು ಹೇಗೆ? ಮೂರು ವಾರ ಅದನ್ನೇ ಓದಿದೆ, ಸಿಕ್ಕವರನ್ನೆಲ್ಲ ಕೇಳಿದೆ.

ಕುಂಬಾರಕೊಪ್ಪಲಿನ ಮೆಕ್ಯಾನಿಕ್ ಮಹದೇವಪ್ಪನವರು ನಕ್ಕರು. ‘ಆಟೋಮ್ಯಾಟಿಕ್ ಗೇರ್‌ಬಾಕ್ಸು ಮನೆಅಳಿಯ ಇದ್ದಂಗೆ ಸಾರ್. ಸುಮ್ನಿದ್ರೆ ದೇವ್ರಂಥೋನು. ಮುನಿಸ್ಕಂಡ್ರೆ ಮನೆ ಮಾರಿಸ್ಬುಡ್ತಾನೆ.’

ಅವರ ಪರೀಕ್ಷೆ ಸರಳ. ಮೊದಲು ಬಾನೆಟ್ ಮೇಲೆ ಅಂಗೈ. ಬೆಚ್ಚಗಿದ್ದರೆ ಅನುಮಾನ, ನಾವು ಬರುವ ಮುಂಚೆಯೇ ಕಾಯಿಸಿ ಏನನ್ನೋ ಮುಚ್ಚಿದ್ದಾರೆ. ತಣ್ಣಗಿದ್ದರೆ ಸ್ಟಾರ್ಟ್ ಮಾಡಿ ರಿವರ್ಸ್‌ನಿಂದ ಡ್ರೈವ್‌ಗೆ ಹಾಕಬೇಕು. ಜರ್ಕ್ ಬಂತೋ, ಮನೆಗೆ ವಾಪಸ್.

ಕೃಷ್ಣಮೂರ್ತಿಪುರಂನ ಕಾರು ಪಾಸಾಯಿತು. ‘ಮೇಡಂ, ನೀವೇ ಒಂದ್ ರೌಂಡ್ ತಗಳಿ’ ಎಂದರು ಮಹದೇವಪ್ಪನವರು. ಅವರು ಪಕ್ಕದಲ್ಲಿ, ನಾನು ಹಿಂದೆ. ಎಂಟು ತಿಂಗಳ ನಂತರ ಸ್ಟಿಯರಿಂಗ್ ಹಿಡಿದವಳು ಮೆಲ್ಲಗೆ ಹೊರಟಳು. ಹಂಪ್ ಬಂತು.

ಧಡ್!

ನಾನು ಕೂಗಿದ್ದು ಆಗಲೇ.

ಮಹದೇವಪ್ಪನವರು ಬಗ್ಗಿ ಪೆಡಲ್ ನೋಡುತ್ತಿದ್ದರು. ‘ಗೇರ್‌ಬಾಕ್ಸ್ ಅಲ್ಲ ಕಣ್ರೀ ಸಾರ್. ಹಂಪ್ ಬಂತಲ್ಲ, ಮೇಡಮ್ಮೋರು ಕ್ಲಚ್ ಅಂದ್ಕಂಡು ಬ್ರೇಕ್ ತುಳ್ದವ್ರೆ.’

‘ಯಾವ ಕಾಲಲ್ಲಿ?’

‘ಎಡಗಾಲಲ್ಲಿ. ಇನ್ನೂ ತೆಗ್ದಿಲ್ಲ, ನೋಡಿ.’

ನಾಗರತ್ನ ತನ್ನ ಕಾಲನ್ನು ನೋಡಿಕೊಂಡಳು, ಯಾರದೋ ಕಾಲೆಂಬಂತೆ. ಅವಳ ಕಣ್ಣು ತುಂಬಿತು ಎಂದು ಬರೆಯಲು ಕೈ ತುರಿಸುತ್ತಿದೆ. ತುಂಬಿತ್ತೋ, ಬಿಸಿಲಿಗೆ ಕಿರಿದಾಗಿತ್ತೋ, ಹಿಂದೆ ಕೂತವನಿಗೆ ಏನು ಗೊತ್ತು? ಅವಳ ಮಾತು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

‘ಇಷ್ಟು ಜೋರಾಗಿ ತುಳಿಯುತ್ತೆ ಅಂದ್ಮೇಲೆ ಇನ್ಯಾಕ್ರೀ ಆಟೋಮ್ಯಾಟಿಕ್ಕು? ಗೇರಿಂದೇ ನೋಡೋಣ.’

ಮಹದೇವಪ್ಪನವರು ಬಿದ್ದು ಬಿದ್ದು ನಕ್ಕರು. ನಾನು ಹಣೆ ಉಜ್ಜಿಕೊಳ್ಳುತ್ತಿದ್ದೆ.

ಗೇರ್‌ಬಾಕ್ಸನ್ನು ನಂಬಬಹುದೇ ಎಂದು ಮೂರು ವಾರ ಊರೆಲ್ಲ ಕೇಳಿದವನು, ಆ ಕಾಲನ್ನು ನಂಬಬಹುದೇ ಎಂದು ಒಮ್ಮೆಯಾದರೂ ಕೇಳಿದ್ದೆನೇ?