ಹೋಗಿ ಬರ್ತೀನಿ ಅಂದದ್ದಕ್ಕೆ ದಂಡ

ಮುಂಬೈಯಲ್ಲಿ ನಾನು ತಪ್ಪು ಮಾಡಿದ್ದೇನೆ ಎಂದು ನನಗೆ ತಿಳಿಸಿದ್ದು ನನ್ನದೇ ಮೊಬೈಲು. ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು, ಅದು ಟಿಣ್ ಎಂದಿತು. ತೆರೆದು ನೋಡಿದರೆ ನಾನು ಓಡಿಸುವ ಸ್ಕೂಲ್ ವ್ಯಾನಿನ ಫೋಟೊ, ಹಿಂದಿನಿಂದ ತೆಗೆದದ್ದು. ಜೊತೆಗೊಂದು ಚಲನ್: ಯೂ ಟರ್ನ್ ನಿಷೇಧವಿರುವಲ್ಲಿ ಯೂ ಟರ್ನ್ ಹೊಡೆದದ್ದಕ್ಕೆ ದಂಡ. ನಮ್ಮ ಗದುಗಿನಲ್ಲಿ ಹಿಡಿಯುವ ರೀತಿ ಬೇರೆ. ಪೊಲೀಸರು ಸೀಟಿ ಊದುತ್ತಾರೆ, ಯಾರ ಮನೆಯವಳು ಎಂದು ವಿಚಾರಿಸುತ್ತಾರೆ, ಅಷ್ಟರಲ್ಲಿ ಸುತ್ತ ನಾಲ್ಕು ಮಂದಿ ಸೇರಿ ತಲೆಗೊಂದು ತೀರ್ಪು ಕೊಡುತ್ತಾರೆ. ಬೈಸಿಕೊಂಡರೂ ಮುಖ ನೋಡಿ ಬೈಸಿಕೊಂಡ ಸಮಾಧಾನವಿರುತ್ತದೆ. ಇಲ್ಲಿ ಯಾರಿಗೂ ನನ್ನ ಮುಖ ಬೇಕಾಗಿರಲಿಲ್ಲ, ನಂಬರ್ ಪ್ಲೇಟು ಸಾಕಾಗಿತ್ತು.

ನಾನಿರುವುದು ಕಾಂದಿವಲಿಯಲ್ಲಿ. ಮದುವೆಯಾಗಿ ಬಂದಾಗ ಈ ವ್ಯಾನ್ ಓಡಿಸುತ್ತಿದ್ದವರು ನಮ್ಮವರು. ನಾನು ಹಿಂದಿನ ಸೀಟಿನಲ್ಲಿ ಕುಳಿತು ಮಕ್ಕಳನ್ನು ಹತ್ತಿಸಿ ಇಳಿಸುತ್ತಿದ್ದೆ. ಅವರು ತೀರಿಕೊಂಡ ಮೇಲೆ ವ್ಯಾನ್ ಮಾರುವುದೋ, ಓಡಿಸಲು ಕಲಿಯುವುದೋ ಎಂಬ ಪ್ರಶ್ನೆ ಬಂತು. ಕಲಿತೆ. ಗದುಗಿನಲ್ಲಿದ್ದಿದ್ದರೆ ಹೆಂಗಸು ವ್ಯಾನ್ ಓಡಿಸುತ್ತಾಳೆ ಎಂದು ಓಣಿಯೆಲ್ಲ ಬಾಗಿಲಿಗೆ ಬಂದು ನೋಡುತ್ತಿತ್ತು. ಇಲ್ಲಿ ಯಾರೂ ನೋಡಲಿಲ್ಲ. ಮೊದಮೊದಲು ಅದು ಆರಾಮ ಎನಿಸಿತು, ಆಮೇಲೆ ಯಾರಾದರೂ ಒಬ್ಬರು ನೋಡಬಾರದೇ ಎನಿಸಿತು.

ಭಾಷೆಯಲ್ಲಿ ನಾನು ಎಡವಿದ್ದು ಒಂದೆರಡು ಸಲವಲ್ಲ. ಬಂದ ಹೊಸದರಲ್ಲಿ ನನಗಿಂತ ದೊಡ್ಡವರಾದ ಬಿಲ್ಡಿಂಗಿನ ವಾಚ್‌ಮನ್ ನನ್ನನ್ನು ‘ತಾಯಿ’ ಎಂದು ಕರೆದಾಗ ಗಾಬರಿಯಾಗಿತ್ತು. ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ ಎಂದು ತಿಳಿಯುವ ತನಕ ನನ್ನ ಕೂದಲು ಅಷ್ಟು ಬೆಳ್ಳಗಾಗಿದೆಯೇ ಎಂದು ಕನ್ನಡಿ ನೋಡಿಕೊಂಡದ್ದುಂಟು. ಕನ್ನಡ ಮಾತಾಡುವ ಆಸೆಯಾದರೆ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿಗೆ ಹೋಗುತ್ತೇನೆ. ಗಲ್ಲೆಯ ಮೇಲೆ ಕೂರುವ ಶೆಟ್ಟರ ಕನ್ನಡ ನನಗೆ ಪುಸ್ತಕ ಓದಿದಂತೆ ಕೇಳುತ್ತದೆ, ನನ್ನದು ಅವರಿಗೆ ಜಗಳಕ್ಕೆ ನಿಂತಂತೆ ಕೇಳುತ್ತದಂತೆ. ಇಬ್ಬರಿಗೂ ಪೂರ್ತಿ ಅರ್ಥವಾಗದಿದ್ದಾಗ ಹಿಂದಿಗೆ ಇಳಿಯುತ್ತೇವೆ.

ಚಲನ್ ಬಂದ ಮರುದಿನ ಅವರಿಗೇ ಮೊದಲು ತೋರಿಸಿದೆ.

“ಕಟ್ಟಿಬಿಡಿ ಮಾರಾಯ್ರೆ,” ಎಂದರು ಶೆಟ್ಟರು. “ಅಷ್ಟಕ್ಕೆಲ್ಲ ಕಚೇರಿ ತಿರುಗಲಿಕ್ಕುಂಟಾ?”

“ನಾ ಮಾಡೇ ಇಲ್ರಿ. ಮಾಡ್ಲಾರದ್ದಕ್ಕ ಯಾಕ ಕಟ್ಟಲಿ?”

“ನೋಡಿ, ಜಗಳ ಶುರು,” ಎಂದು ನಕ್ಕು ಚಹಾ ತರಿಸಿದರು.

ಕಟ್ಟಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಅಷ್ಟರಲ್ಲಿ ಮಕ್ಕಳ ತಂದೆತಾಯಂದಿರ ವಾಟ್ಸಾಪ್ ಗುಂಪಿಗೆ ಸುದ್ದಿ ಮುಟ್ಟಿತ್ತು. ಪೊಲೀಸರ ವೆಬ್‌ಸೈಟಿನಲ್ಲಿ ವ್ಯಾನಿನ ನಂಬರು ಹಾಕಿ, ಚಲನ್ ಬಂದಿದೆಯೇ ಎಂದು ಆಗಾಗ ಪರೀಕ್ಷೆ ಮಾಡುವ ಒಬ್ಬ ಅಪ್ಪ ಅದರಲ್ಲಿದ್ದಾರೆ. ಮಕ್ಕಳನ್ನು ಕೂರಿಸಿಕೊಂಡು ಇಂಥ ಕೆಲಸವೇ ಎಂದು ಅವರು ಕೇಳಿದರು. ವ್ಯಾನ್ ಖಾಲಿಯಿತ್ತು ಎಂದೆ. ಖಾಲಿಯಿದ್ದಾಗ ಮಾಡುವವಳು ತುಂಬಿದ್ದಾಗಲೂ ಮಾಡುತ್ತಾಳೆ ಎಂದು ಇನ್ನೊಬ್ಬರು ಬರೆದರು. ಅವರ ಮಾತನ್ನು ತಳ್ಳಿಹಾಕುವಂತಿರಲಿಲ್ಲ, ನನ್ನ ಮಗುವಾಗಿದ್ದರೆ ನಾನೂ ಹಾಗೇ ಅನ್ನುತ್ತಿದ್ದೆ. ಕೊನೆಗೆ, ತಪ್ಪು ನನ್ನದೇ ಎಂದಾದರೆ ಮುಂದಿನ ತಿಂಗಳಿಂದ ಬೇರೆ ವ್ಯಾನ್ ಎಂದು ಎಲ್ಲರೂ ಸೇರಿ ತೀರ್ಮಾನಿಸಿದರು. ದಂಡ ಕಟ್ಟಿದರೆ ತಪ್ಪು ಒಪ್ಪಿಕೊಂಡಂತೆ. ಹಾಗಾಗಿ ಟ್ರಾಫಿಕ್ ಪೊಲೀಸರಲ್ಲಿ ತಕರಾರು ಹಾಕಿದೆ.

ಗದುಗಿನಲ್ಲಿ ಖಾನಾವಳಿ ನಡೆಸುವ ನನ್ನ ಅಕ್ಕ ಇದನ್ನು ಕೇಳಿ ಹಿಗ್ಗಿದಳು ಎಂದೇ ಹೇಳಬೇಕು. “ಬಂದುಬಿಡ ಇನ್ನ. ಅಲ್ಲಿ ಯಾರದಾರ ನಿನಗ? ಇಲ್ಲಿ ನನಗೂ ಒಂದ ಕೈ ಬೇಕಾಗೈತಿ.”

“ವ್ಯಾನ್ ನಡದರ ಇಲ್ಲೇ ಇರ್ತೀನಿ ಅಕ್ಕಾ. ನಿಂತರ ಬರ್ತೀನಿ,” ಎಂದೆ. ಮಾತು ಅಲ್ಲಿಗೆ ನಿಂತಿತು.

ಆ ದಿನ ಆದದ್ದಿಷ್ಟು. ಸಿಗ್ನಲ್ ಹತ್ತಿರ ಕೊನೆಯ ಮಗುವನ್ನು ಇಳಿಸಿದೆ. ಗಾಡಿ ನಿಲ್ಲಿಸಬೇಡಿ, ನಡೆಯಿರಿ ಎಂದು ಅಲ್ಲಿದ್ದ ಹವಾಲ್ದಾರರು ಕೈಬೀಸಿದರು. ನಾನು ಅವರಿಗೊಂದು ಮಾತು ಹೇಳಿ ಹೊರಟೆ. ಮುಂದಿನ ಗಲ್ಲಿಯನ್ನು ಹೊಕ್ಕು, ಫ್ಲೈಓವರ್ ಕೆಳಗಿಂದ ಸುತ್ತಿ, ಅದೇ ಸಿಗ್ನಲ್ ಹತ್ತಿರ ರಸ್ತೆಯ ಆ ಬದಿಗೆ ಬಂದೆ. ಶನಿವಾರ ಆಫೀಸುಗಳಿಗೆ ರಜೆಯಿದ್ದುದರಿಂದ ರಸ್ತೆ ಖಾಲಿಯಿತ್ತು, ಸುತ್ತು ಬೇಗ ಮುಗಿಯಿತು. ಸುತ್ತಿ ಬರುವುದಕ್ಕೆ ಯಾವ ನಿಷೇಧವೂ ಇಲ್ಲ. ಹಾಗಿದ್ದರೆ ಚಲನ್ ಯಾಕೆ ಎಂದು ಅದೇ ಹವಾಲ್ದಾರರನ್ನು ಹುಡುಕಿಕೊಂಡು ಹೋಗಿ ಕೇಳಿದೆ. ವಯಸ್ಸು ಚಿಕ್ಕದು, ಮಾತು ಮೃದು.

“ತಾಯಿ, ಆಪ್ ಖುದ್ ಬೋಲೀ ನಾ, ಜಾಕೇ ಆತೀ ಹೂಂ. ಫಿರ್ ಆಯೀ ಭೀ.” ಹೋಗಿ ಬರುತ್ತೇನೆ ಎಂದು ನೀವೇ ಹೇಳಿದಿರಿ, ಹೇಳಿದಂತೆ ಬಂದಿರಿ ಎಂದರು. ಪೊಲೀಸರ ಕಣ್ಣೆದುರೇ ಯೂ ಟರ್ನ್ ಹೊಡೆಯುತ್ತೇನೆಂದು ಹೇಳಿ ಹೋಗುವ ಧೈರ್ಯ ಈ ಹೆಂಗಸಿಗೆ ಎಲ್ಲಿಂದ ಬಂತು ಎಂದು ಅವರಿಗೆ ಆಶ್ಚರ್ಯವಾಗಿತ್ತಂತೆ.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೌದು, ಹೇಳಿದ್ದೆ. ಓದುತ್ತಿರುವ ನಿಮಗೆ ನಾನು ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಿರಿಯರಿರಲಿ, ಕಿರಿಯರಿರಲಿ, ಅಂಗಡಿಯವನಿರಲಿ, ಎದುರಿಗಿದ್ದವರನ್ನು ಬಿಟ್ಟು ಹೊರಡುವಾಗ ‘ಹೋಗ್ತೀನಿ’ ಎನ್ನಲು ನಮ್ಮ ನಾಲಗೆ ಏಳುವುದಿಲ್ಲ. ‘ಹೋದರು’ ಎಂಬ ಮಾತನ್ನು ನಾವು ಯಾರಿಗೆ ಮೀಸಲಿಟ್ಟಿದ್ದೇವೆ ಎಂದು ನಿಮಗೆ ಗೊತ್ತು. ನಮ್ಮವರು ಹೋದ ಮೇಲಂತೂ ನಾನು ಆ ವಿಷಯದಲ್ಲಿ ಹೆಚ್ಚು ಎಚ್ಚರ. ಕನ್ನಡದ ಮರ್ಯಾದೆಯನ್ನು ಹಿಂದಿ ಭಾಷೆಗೆ ತಿರುಗಿಸಿ ಪೊಲೀಸರ ಕೈಗೆ ಕೊಟ್ಟಿದ್ದೆ, ಅವರು ಅದನ್ನು ತಪ್ಪೊಪ್ಪಿಗೆ ಎಂದು ತೆಗೆದುಕೊಂಡಿದ್ದರು.

ಟ್ರಾಫಿಕ್ ಕಚೇರಿಯಿಂದ ಕರೆ ಬಂತು. ಇಸ್ತ್ರಿ ಮಾಡಿದ ಸೀರೆಯುಟ್ಟು ಹೋದೆ. ಹವಾಲ್ದಾರರನ್ನೂ ಕರೆಸಿದ್ದರು. ಮೇಜಿನ ಆಚೆ ಕುಳಿತಿದ್ದ ಅಧಿಕಾರಿ ಹೆಂಗಸು, ನಿವೃತ್ತಿಗೆ ಹತ್ತಿರವಿದ್ದಂತೆ ಕಂಡರು. ಫೋಟೊ ನೋಡಿ ಹವಾಲ್ದಾರರನ್ನು ಮರಾಠಿಯಲ್ಲಿ ಕೇಳಿದರು: ಇದರಲ್ಲಿ ಗಾಡಿ ನೇರ ಹೋಗುತ್ತಿದೆಯಲ್ಲ, ತಿರುಗಿದ್ದನ್ನು ನೀನು ನೋಡಿದೆಯಾ?

ಅವರು ಸುಳ್ಳು ಹೇಳಲಿಲ್ಲ. ತಿರುಗಿದ್ದನ್ನು ನೋಡಿಲ್ಲ, ಬಂದದ್ದನ್ನು ನೋಡಿದೆ, ಹೋಗಿ ಬರುತ್ತೇನೆಂದು ಇವರೇ ಹೇಳಿದ್ದರು ಎಂದರು.

ಅಧಿಕಾರಿ ನನ್ನತ್ತ ತಿರುಗಿದರು. ಹಾಗೇಕೆ ಹೇಳಿದಿರಿ? ನನ್ನ ಅರ್ಧ ಹಿಂದಿ, ಕಾಲು ಮರಾಠಿಯಲ್ಲಿ ವಿವರಿಸಲು ಹೊರಟೆ. ನಮ್ಮಲ್ಲಿ ಹೋಗುತ್ತೇನೆ ಎನ್ನುವುದಿಲ್ಲ ಮ್ಯಾಡಮ್, ಅದು ಸತ್ತವರ ಮಾತು. ಅಷ್ಟು ಹೇಳಿ ವ್ಯಾನಿನ ಕಾಗದಗಳನ್ನು ಮೇಜಿನ ಮೇಲಿಟ್ಟೆ. ಹಳೆಯ ಕಾಗದಗಳಲ್ಲಿ ನಮ್ಮವರ ಹೆಸರಿತ್ತು, ಅಧಿಕಾರಿ ಅದನ್ನೊಮ್ಮೆ ನೋಡಿ ನನ್ನನ್ನು ನೋಡಿದರು. ಆಮೇಲೆ ಹವಾಲ್ದಾರರನ್ನು ಕೇಳಿದರು.

“ತುಝೀ ಆಈ ಘರಾತೂನ್ ನಿಘತಾನಾ ಕಾಯ್ ಮ್ಹಣತೇ?” ಮನೆಯಿಂದ ಹೊರಡುವಾಗ ನಿನ್ನ ಅವ್ವ ಏನನ್ನುತ್ತಾಳೆ?

ಹವಾಲ್ದಾರರು ತಡವರಿಸಿದರು. “ಯೇತೇ, ಮ್ಹಣತೇ.” ಬರುತ್ತೇನೆ ಅನ್ನುತ್ತಾಳೆ.

“ಮಗ್? ತೀ ಕಾಯ್ ಯೂ ಟರ್ನ್ ಮಾರತೇ?” ಅವಳೂ ಯೂ ಟರ್ನ್ ಹೊಡೆಯುತ್ತಾಳೇನು?

ಕಚೇರಿಯಲ್ಲಿದ್ದವರೆಲ್ಲ ನಕ್ಕರು. ಹವಾಲ್ದಾರರೂ ಕಿವಿ ಕೆಂಪಗೆ ಮಾಡಿಕೊಂಡು ನಕ್ಕರು. ಮರಾಠಿಯವರು ನಮಗಿಂತ ಒಂದು ಕೈ ಮುಂದೆ ಎಂದು ನನಗೆ ಗೊತ್ತಾದದ್ದು ಆಗಲೇ. ನಾವು ಹೋಗುವುದನ್ನೂ ಹೇಳಿ ಬರುವುದನ್ನೂ ಹೇಳುತ್ತೇವೆ. ಅವರು ಹೋಗುವ ಸುದ್ದಿಯನ್ನೇ ಎತ್ತುವುದಿಲ್ಲ, ಬಾಗಿಲು ದಾಟುವಾಗ ‘ಬರುತ್ತೇನೆ’ ಎಂದಷ್ಟೇ ಹೇಳಿ ಹೊರಡುತ್ತಾರೆ. ಇಷ್ಟು ವರ್ಷ ಅವರ ನಡುವೆ ಇದ್ದು, ದಿನಕ್ಕೆ ಹತ್ತು ಸಲ ಕಿವಿಗೆ ಬೀಳುವ ಆ ಮಾತನ್ನು ನಾನು ಒಮ್ಮೆಯೂ ಬಾಯಲ್ಲಿ ಆಡಿರಲಿಲ್ಲ. ಚಲನ್ ರದ್ದಾಯಿತು. ಎದ್ದು ನಿಂತು ಕೈಮುಗಿದು “ಯೇತೇ ಮ್ಯಾಡಮ್” ಎಂದೆ. ಅವರು ತಲೆಯಾಡಿಸಿದರು.

ರದ್ದಾದ ಸುದ್ದಿಯನ್ನು ಗುಂಪಿಗೆ ಹಾಕಿದೆ. ಹೆಬ್ಬೆರಳುಗಳು ಸಾಲಾಗಿ ಎದ್ದವು. ಮಕ್ಕಳು ನಿಮ್ಮ ವ್ಯಾನಿನಲ್ಲೇ ಬರುತ್ತಾರೆ ಎಂದು ಆ ಅಪ್ಪನೇ ಬರೆದರು. ಒಬ್ಬ ತಾಯಿ ಮಾತ್ರ, ನಾಳೆ ಸ್ವಲ್ಪ ಬೇಗ ಬರಲಾಗುತ್ತದೆಯೇ ಎಂದು ಕೇಳಿದಳು. ಆ ಪ್ರಶ್ನೆಯೇ ನನಗೆ ಹೆಚ್ಚು ಖುಷಿ ಕೊಟ್ಟಿತು.

ಸಂಜೆ ಅಕ್ಕನಿಗೆ ಫೋನ್ ಮಾಡಿದೆ. ಹಿಂದೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು.

“ಗೆದ್ದೆ ಅಕ್ಕಾ. ಚಲನ್ ರದ್ದಾತು.”

ಸದ್ದು ನಿಂತಿತು. “ಹಂಗಾರ ನೀ ಬರಂಗಿಲ್ಲ ಅನ್ನು.”

ಅವಳೇ ಮುಂದುವರಿಸಿದಳು. “ಇರಲಿ ಬಿಡು, ಛಲೋ ಆತು. ಖರೇ ಹೇಳ್ಲೇನು? ದಿನಾ ದೇವರ ಮುಂದ ನಿಂತು, ನನ್ನ ತಂಗಿ ಸೋಲಲಿ ಅಂತ ಬೇಡ್ಕೊಂತಿದ್ದೆ.”

ಹೇಳಿ ನಕ್ಕಳು. ನಾನೂ ನಕ್ಕೆ. ಗೆಲ್ಲಲೇಬೇಕೆಂದು ಹಟ ಹಿಡಿದವಳು ನಾನೇ, ಗೆದ್ದದ್ದೂ ನಾನೇ. ಫೋನ್ ಇಟ್ಟ ಮೇಲೆ, ಅಕ್ಕ ಇನ್ನೂ ಸ್ವಲ್ಪ ಗಟ್ಟಿಯಾಗಿ ಬೇಡಿಕೊಳ್ಳಬಾರದಿತ್ತೇ ಎನಿಸಿತು.