ವಿಚಾರಣೆ ನಡೀತಾ ಐತೆ

ಹಳೆಯ ವಿಡಿಯೋ ಡೆಕ್ಕು ಬಿಸಿಯಾದಾಗ ಬರುವ ವಾಸನೆಯನ್ನು ಬಲ್ಲವರು ಈಗ ಊರಿನಲ್ಲಿ ಕಡಿಮೆಯಾಗುತ್ತಿದ್ದಾರೆ. ಕಾದ ದೂಳು, ಬೆಚ್ಚಗಾದ ಪ್ಲಾಸ್ಟಿಕ್ಕು, ಅದರೊಳಗೆ ಎಲ್ಲೋ ಒಂದೆಳೆ ಸ್ಪಿರಿಟ್ಟು. ಕಳೆದ ತಿಂಗಳು ಜಯನಗರ ನಾಲ್ಕನೇ ಬ್ಲಾಕಿನ ಹಿಂದಿನ ರಸ್ತೆಯೊಂದರಲ್ಲಿ, ಹಳೆಯ ಕ್ಯಾಸೆಟ್ಟುಗಳನ್ನು ಪೆನ್‌ಡ್ರೈವಿಗೆ ಇಳಿಸಿಕೊಡುವ ಅಂಗಡಿಯಲ್ಲಿ ಆ ವಾಸನೆ ಮೂಗಿಗೆ ಬಡಿಯಿತು. ಅಂಗಡಿಯವನು ನನ್ನ ಕ್ಯಾಸೆಟ್ಟನ್ನು ಡೆಕ್ಕಿನೊಳಗೆ ತಳ್ಳಿ, "ಐದ್ ನಿಮಿಷ ಕೂತ್ಕೊಳ್ಳಿ ಮೇಡಂ" ಎಂದ. ಕೂತೆ. ಆ ಐದು ನಿಮಿಷದಲ್ಲಿ ಪದ್ಮನಾಭನಗರದ ನಮ್ಮ ಹಳೆಯ ಮನೆಗೆ ಹೋಗಿ ಬಂದೆ. ಈಗಿನ ಟ್ರಾಫಿಕ್ಕಿನಲ್ಲಿ ಇದೊಂದು ಸಾಧನೆಯೇ ಸರಿ.

ನಮ್ಮ ಹಿರಿಯರ ರಾಗಿ ಹೊಲವೆಲ್ಲ ಲೇಔಟಾಗಿ, ಹೊಲದ ಅಂಚಿನ ಹೆಂಚಿನ ಮನೆ ಮಾತ್ರ ತನಗೇನೂ ತಿಳಿಸಿಲ್ಲವೆಂಬಂತೆ ಕೂತಿತ್ತು. ಸುತ್ತ ತಾರಸಿ ಮನೆಗಳು, ಟ್ಯೂಷನ್ನಿನ ಬೋರ್ಡುಗಳು. ನಡುವೆ ನಾವು, ನಮ್ಮ ಒಂದು ಹಸು, ಮತ್ತು ನಡುಮನೆಯಲ್ಲಿ ಕಸೂತಿ ಬಟ್ಟೆ ಹೊದ್ದ ಟಿವಿ. ಈಗ ಅಲ್ಲಿ ಅಪಾರ್ಟ್‌ಮೆಂಟು ಎದ್ದಿದೆ. ಅದರ ನೆಲಮಾಳಿಗೆಯಲ್ಲಿ ನಾನು ಸ್ಕೂಟರ್ ನಿಲ್ಲಿಸುವ ಜಾಗ, ನನ್ನ ಅಂದಾಜಿನ ಪ್ರಕಾರ, ಟಿವಿ ಇದ್ದ ಜಾಗವೇ. ಸ್ಟ್ಯಾಂಡ್ ಹಾಕುವಾಗ ಒಮ್ಮೊಮ್ಮೆ ಸ್ವಲ್ಪ ಸರಿದು ನಿಲ್ಲಿಸುತ್ತೇನೆ, ಹಿಂದೆ ಕೂತವರಿಗೆ ಮರೆಯಾಗದಿರಲೆಂದು.

ಅಪ್ಪ ಸೆಕೆಂಡ್ ಹ್ಯಾಂಡ್ ಡೆಕ್ಕೊಂದನ್ನು ಕೊಂಡು ತಂದಿದ್ದರು. ಕ್ಯಾಸೆಟ್ಟುಗಳನ್ನು ಸಿದ್ದಾಪುರದ ಅಂಗಡಿಯೊಂದರಿಂದ ಬಾಡಿಗೆಗೆ ತರುತ್ತಿದ್ದೆವು. ಒಂದು ಸಲ ತಂದದ್ದನ್ನು ವಾಪಸು ಕೊಡಲು ಹೋದರೆ ಅಂಗಡಿ ಇದ್ದ ಜಾಗದಲ್ಲಿ ಹಿಟ್ಟಿನ ಗಿರಣಿ ತಿರುಗುತ್ತಿತ್ತು. ಹೀಗೆ ನಮ್ಮ ಮನೆತನಕ್ಕೆ ಚಲನಚಿತ್ರವೊಂದು ಸ್ವಂತ ಆಸ್ತಿಯಾಗಿ ಲಭಿಸಿತು. ಚೀಟಿ ಉದುರಿಹೋಗಿದ್ದರಿಂದ ಅದರ ಹೆಸರು ಯಾರಿಗೂ ಗೊತ್ತಾಗಲಿಲ್ಲ. ಇಂಗ್ಲಿಷಿನದು, ಪೊಲೀಸರ ಮೇಲಿನ ತಮಾಷೆ. ಅದರಲ್ಲೊಬ್ಬ ಇನ್ಸ್‌ಪೆಕ್ಟರ್. ಕಳ್ಳನ ಮನೆಯ ಬಾಗಿಲನ್ನು ಆತ ಮರ್ಯಾದೆಯಿಂದ ತಟ್ಟುತ್ತಾನೆ, ಬಾಗಿಲು ಕಳಚಿ ಬೀಳುತ್ತದೆ. ಎತ್ತಿ ನಿಲ್ಲಿಸಿ ಮತ್ತೆ ತಟ್ಟುತ್ತಾನೆ. ಊಟಕ್ಕೆ ಕೂತ ಮೇಲಧಿಕಾರಿಗೆ ಸಲ್ಯೂಟ್ ಹೊಡೆದರೆ ಟೋಪಿ ಹಾರಿ ಸೂಪಿನ ಬೋಗುಣಿಗೆ ಬೀಳುತ್ತದೆ. ತೆಗೆದು ತಲೆಗಿಟ್ಟುಕೊಂಡು, ಕೆನ್ನೆಯ ಮೇಲೆ ಸೂಪು ಇಳಿಯುತ್ತಿದ್ದರೂ ವರದಿಯನ್ನು ಪೂರ್ತಿ ಒಪ್ಪಿಸುತ್ತಾನೆ. ಸೂರಿನಿಂದ ಬೀಳುತ್ತಾನೆ, ಎದ್ದು ಕೋಟು ಕೊಡವಿಕೊಳ್ಳುತ್ತಾನೆ. ಇಷ್ಟೆಲ್ಲ ಆದರೂ ಆ ಮುಖದಲ್ಲಿ ಒಂದು ಗೆರೆ ಅಲುಗುವುದಿಲ್ಲ. ಭಾನುವಾರ ಮಧ್ಯಾಹ್ನ ಮುದ್ದೆ ಊಟ ಮುಗಿಸಿ ನಾವು ಅದನ್ನೇ ನೋಡುತ್ತಿದ್ದೆವು, ಅದೇ ಜಾಗಗಳಲ್ಲಿ ಬಿದ್ದು ಬಿದ್ದು ನಗುತ್ತಿದ್ದೆವು.

ಅಜ್ಜಿ ನಗುತ್ತಿರಲಿಲ್ಲ. ಗೋಡೆಗೊರಗಿ, ಎಲೆ ಅಡಿಕೆ ಪಕ್ಕಕ್ಕಿಟ್ಟು, ಕೋರ್ಟಿನಲ್ಲಿ ಕೂತವಳಂತೆ ನೋಡುತ್ತಿದ್ದಳು. ನಮ್ಮ ನಗು ಹದ್ದು ಮೀರಿದಾಗ ಗದರುತ್ತಿದ್ದಳು: "ಏನ್ ಹಂಗ್ ಕಿಸೀತೀರಾ? ಅವ್ನು ನಗ್ತಾವ್ನಾ? ಬಿದ್ದೋನೇ ನಗ್ದಿದ್ಮೇಲೆ ನೋಡೋರ್ಗೇನು ನಗು?"

ಹಾಸ್ಯದ ಬಗ್ಗೆ ನಾನು ಆಮೇಲೆ ಒಂದಷ್ಟು ಪುಸ್ತಕ ಓದಿದ್ದೇನೆ. ಇದಕ್ಕಿಂತ ಮುಂದೆ ಹೋದವರು ಯಾರೂ ಸಿಗಲಿಲ್ಲ.

ಅವಳ ಗಾಂಭೀರ್ಯಕ್ಕೆ ಕಾರಣವಿತ್ತು. ಅಪ್ಪನ ತಮ್ಮ, ನನ್ನ ಚಿಕ್ಕಪ್ಪ, ಪೊಲೀಸ್ ಕಾನ್‌ಸ್ಟೇಬಲ್. ಬಾಡಿಗೆ ಮನೆಗಳನ್ನು ನೋಡಿಕೊಂಡು ತಣ್ಣಗಿರು ಎಂದು ಅಜ್ಜಿ ಎಷ್ಟು ಹೇಳಿದರೂ ಕೇಳದೆ ಸೇರಿಕೊಂಡಿದ್ದ. ಕೊನೆಗೆ ಅಜ್ಜಿ ಒಂದು ಷರತ್ತು ಹಾಕಿ ಒಪ್ಪಿದ್ದಳು: "ಒಂದೇ ಒಂದು ಏಟ್ ತಿಂದ್ಕೊಂಡ್ ಬಂದ್ಯೋ, ಅವತ್ತೇ ಆ ಬಟ್ಟೆ ಬಿಚ್ಚಿಡ್ಬೇಕು." ಅವನೂ ಹೂಂ ಎಂದಿದ್ದ. ಕೆಲಸದ ಮೇಲೆ ತನಗಿದ್ದ ಪ್ರೀತಿಯನ್ನು ಅವನು ಬಾಯಲ್ಲಿ ಹೇಳಿದವನಲ್ಲ, ಬೆಲ್ಟಿನ ಬಕಲ್ ಉಜ್ಜುವುದರಲ್ಲಿ ಅದು ಕಾಣುತ್ತಿತ್ತು. ಸ್ಟೇಷನ್ನಿನ ಸುದ್ದಿಯನ್ನಂತೂ ಮನೆಯಲ್ಲಿ ಎತ್ತುತ್ತಲೇ ಇರಲಿಲ್ಲ. ಹಾಗಾಗಿ ಮಗ ಹೊರಗೆ ಏನು ಮಾಡುತ್ತಾನೆಂದು ತಿಳಿಯಲು ಅಜ್ಜಿಗಿದ್ದ ಏಕೈಕ ಆಧಾರ ಆ ಕ್ಯಾಸೆಟ್ಟು.

ಅದಕ್ಕೆ ದುಭಾಷಿಯೂ ಚಿಕ್ಕಪ್ಪನೇ. ಇನ್ಸ್‌ಪೆಕ್ಟರ್ ಬಾಯಿ ತೆರೆದಾಗಲೆಲ್ಲ ಅಜ್ಜಿ, "ಏನಂತೆ ಕಣ್ಲಾ?" ಎಂದು ಕೇಳುವಳು. ಚಿಕ್ಕಪ್ಪ ತೆರೆಯಿಂದ ಕಣ್ಣು ಕೀಳದೆ, "ವಿಚಾರಣೆ ನಡೀತಾ ಐತೆ ಅಂದ, ಅವ್ವ" ಎನ್ನುವನು. ಇನ್ಸ್‌ಪೆಕ್ಟರ್ ಕಾಫಿಗೆ ಹೇಳಿದರೂ ಅದೇ ಅನುವಾದ, ಹೆಂಗಸೊಬ್ಬಳಿಗೆ ಪ್ರೇಮ ನಿವೇದಿಸಿದರೂ ಅದೇ. ಹೇಳುವಾಗ ಅವನ ಮುಖವೂ ತೆರೆಯ ಮೇಲಿನ ಮುಖದಂತೆಯೇ ಇರುತ್ತಿತ್ತು. ಅಜ್ಜಿ ತಲೆಯಾಡಿಸಿ, "ಪಾಪ, ಬಿಡುವೇ ಇಲ್ಲ ಅವ್ನಿಗೆ" ಎನ್ನುತ್ತಿದ್ದಳು. ಆತ ಸೂರಿನಿಂದ ಬಿದ್ದು ಎದ್ದಾಗ ಮಾತ್ರ ಅವಳ ಕೈ ಎಲೆ ಅಡಿಕೆಯ ತಟ್ಟೆಗೆ ಹೋಗುತ್ತಿತ್ತು. "ನೋಡು, ಏನೂ ಆಗ್ಲಿಲ್ಲ." ಅಷ್ಟು ನೋಡುವುದಕ್ಕೆಂದೇ ಅವಳು ಕೂತಿರುತ್ತಿದ್ದಳೆಂದು ಈಗ ಅನಿಸುತ್ತದೆ.

ಒಂದು ಸಂಜೆ ಬಂದೋಬಸ್ತಿಗೆ ಹೋದ ಚಿಕ್ಕಪ್ಪ ಸಹೋದ್ಯೋಗಿಯ ಸ್ಕೂಟರಿನ ಹಿಂದೆ ಕೂತು ಮನೆಗೆ ಬಂದ. ಎಲ್ಲೋ ಮೆರವಣಿಗೆಯಲ್ಲಿ ಕಲ್ಲು ತೂರಿದ್ದರಂತೆ. ತಲೆಗೆ ಬ್ಯಾಂಡೇಜು, ಅದರ ಮೇಲೆ, ಒಂದು ಪಕ್ಕ ಮಡಿಸಿದ ಪೊಲೀಸ್ ಟೋಪಿಯನ್ನು ಹೇಗೋ ಕೂರಿಸಿಕೊಂಡಿದ್ದ. ಅಜ್ಜಿ ಹೊಸಿಲಲ್ಲಿ ನಿಂತಿದ್ದಳು. ಪಕ್ಕದಲ್ಲಿ, ಹಸುವಿಗೆಂದು ಅಕ್ಕಿ ತೊಳೆದ ನೀರಿಗೆ ತೌಡು ಕಲಸಿಟ್ಟ ಕಲಗಚ್ಚಿನ ಬಕೆಟ್ಟು. ಷರತ್ತು ಎಲ್ಲರಿಗೂ ನೆನಪಿತ್ತು. ಅಪ್ಪ ನನ್ನ ಭುಜ ಹಿಡಿದುಕೊಂಡರು.

ಚಿಕ್ಕಪ್ಪ ಅಜ್ಜಿಯ ಎದುರು ನೆಟ್ಟಗೆ ನಿಂತು ಸಲ್ಯೂಟ್ ಹೊಡೆದ. ಟೋಪಿ ಜಾರಿ ಬಕೆಟ್ಟಿಗೆ ಬಿತ್ತು. ತಾನಾಗಿ ಬಿತ್ತೋ ಅವನೇ ಬೀಳಿಸಿದನೋ ಎಂಬ ಬಗ್ಗೆ ನಮ್ಮ ವಂಶದಲ್ಲಿ ಇವತ್ತಿಗೂ ಎರಡು ಪಕ್ಷಗಳಿವೆ. ಅವನು ಬಗ್ಗಿ ಅದನ್ನು ಎತ್ತಿ, ಬ್ಯಾಂಡೇಜಿನ ಮೇಲಿಟ್ಟುಕೊಂಡ. ತೌಡಿನ ನೀರು ಹಣೆಯಿಂದ ಮೀಸೆಗೆ ಇಳಿಯಿತು. ಮುಖದ ಒಂದು ಗೆರೆಯೂ ಅಲುಗಲಿಲ್ಲ.

"ವಿಚಾರಣೆ ನಡೀತಾ ಐತೆ, ಅವ್ವ."

ಅಪ್ಪ ಮೊದಲು ನಕ್ಕರು, ಆಮೇಲೆ ನಾನು, ಸ್ಕೂಟರಿನವನೂ ಸೇರಿಕೊಂಡ. "ಬಾಯ್ ಮುಚ್ರೋ!" ಎಂದಳು ಅಜ್ಜಿ. "ಅವ್ನು ನಗ್ತಾವ್ನಾ?" ಆಮೇಲೆ ಮಗನ ಕಡೆ ತಿರುಗಿ, "ಬಿದ್ಯಾ?"

"ಬಿದ್ದೆ."

"ಎದ್ಯಾ?"

"ಎದ್ನಲ್ಲ. ಅದ್ಕೇ ಬಂದಿದ್ದು."

ಅಜ್ಜಿ ಸೆರಗಿನಿಂದ ಅವನ ಮೀಸೆಯ ತೌಡು ಒರೆಸಿ, ತಲೆಯ ಮೇಲಿನ ಟೋಪಿ ತೆಗೆದುಕೊಂಡು ಬಚ್ಚಲಿಗೆ ಹೋದಳು. ಅವಳು ಅದನ್ನು ಬಚ್ಚಲ ಒಲೆಗೆ ಹಾಕುತ್ತಾಳೆಂದೇ ನಾನು ಅಂದುಕೊಂಡೆ. ಬೆಳಿಗ್ಗೆ ಎದ್ದು ನೋಡಿದರೆ ಹಿತ್ತಲ ತಂತಿಯ ಮೇಲೆ, ನನ್ನ ಯೂನಿಫಾರ್ಮಿನ ಪಕ್ಕ, ತೊಳೆದ ಟೋಪಿ ಒಣಗುತ್ತಿತ್ತು. ಷರತ್ತಿನ ಮಾತು ಮನೆಯಲ್ಲಿ ಮತ್ತೆ ಬರಲಿಲ್ಲ.

ಅಜ್ಜಿ ನಕ್ಕದ್ದನ್ನು ನಾನು ನೋಡಿದ್ದು ತೀರಾ ಕೊನೆಯಲ್ಲಿ, ಆಸ್ಪತ್ರೆಯಲ್ಲಿ. ಡಾಕ್ಟರು ಮಂಚದ ಪಕ್ಕ ನಿಂತು ಚಿಕ್ಕಪ್ಪನಿಗೆ ಇಂಗ್ಲಿಷಿನಲ್ಲಿ ಎಲ್ಲ ವಿವರಿಸಿ ಹೋದರು. ಇನ್ನೇನೂ ಮಾಡುವುದಕ್ಕಿಲ್ಲ ಎಂಬುದು ಅದರ ಸಾರಾಂಶ. ಅಜ್ಜಿ ಕಣ್ಣು ತೆರೆದು, "ಏನಂತೆ ಕಣ್ಲಾ?" ಎಂದಳು.

ಚಿಕ್ಕಪ್ಪ ಗೋಡೆಯಿಂದ ಕಣ್ಣು ಕೀಳಲಿಲ್ಲ. "ವಿಚಾರಣೆ ನಡೀತಾ ಐತೆ ಅಂದ್ರು, ಅವ್ವ."

ಅಜ್ಜಿ ನಕ್ಕಳು. ಹಲ್ಲಿಲ್ಲದ, ಸದ್ದಿಲ್ಲದ, ಹೊಟ್ಟೆ ಕುಲುಕುವ ನಗು. "ಹೋಗ್ಲಾ ಸುಳ್ಳ. ಆ ಸಿನಿಮಾದೋನೂ ಹಂಗಂತಿರ್ಲಿಲ್ಲ. ನಂಗ್ ಗೊತ್ತಿರ್ಲಿಲ್ವಾ?"

ಚಿಕ್ಕಪ್ಪ ನಗಲಿಲ್ಲ, ಅಳಲೂ ಇಲ್ಲ. ಟೋಪಿಯಿಲ್ಲದ ತಲೆಯ ಮೇಲೆ, ಟೋಪಿ ಸರಿಮಾಡಿಕೊಳ್ಳುವವನಂತೆ ಕೈಯಾಡಿಸಿ ವರಾಂಡಕ್ಕೆ ಹೋದ. ಆಮೇಲೆ ಅಜ್ಜಿಯ ಮಣ್ಣಿನ ದಿನ ನೆಂಟರು ಅವನ ಮುಖ ನೋಡಿ, ಪೊಲೀಸಿನವರಿಗೆ ಕರುಳೇ ಇರುವುದಿಲ್ಲವೆಂದು ತೀರ್ಮಾನಿಸಿದರು.

ಆ ಕ್ಯಾಸೆಟ್ಟನ್ನು ನಾವು ಮತ್ತೆ ಹಾಕಲಿಲ್ಲ. ಹೋದ ವರ್ಷ ಚಿಕ್ಕಪ್ಪ ತೀರಿಕೊಂಡ ಮೇಲೆ ಅವನ ಬೀರುವಿನಲ್ಲಿ, ಹಳೆಯ ಖಾಕಿ ಷರ್ಟಿನ ತುಂಡಿನಲ್ಲಿ ಸುತ್ತಿಟ್ಟದ್ದು ನನಗೆ ಸಿಕ್ಕಿತು.

ಅಂಗಡಿಯ ಟಿವಿಯಲ್ಲಿ ಬಿಳಿ ಗೆರೆಗಳು ಓಡುತ್ತಿದ್ದವು. ನಡುವೆ ಒಂದು ಗಳಿಗೆ, ಕೋಟು ಕೊಡವಿಕೊಳ್ಳುವ ಕೈಯೊಂದು ಕಂಡಂತಾಗಿ ಮತ್ತೆ ಗೆರೆಗಳಾದವು. ಅಂಗಡಿಯವನು ಕ್ಯಾಸೆಟ್ಟನ್ನು ಹೊರಗೆ ತೆಗೆದ.

"ಪೂರ್ತಿ ಫಂಗಸ್ ಬಂದ್ಬಿಟ್ಟಿದೆ ಮೇಡಂ, ಏನೂ ಬರಲ್ಲ. ಏನಿತ್ತು ಇದ್ರಲ್ಲಿ, ಮದ್ವೆನಾ?"

"ಅಲ್ಲ. ಪೊಲೀಸ್ ಕೇಸು."

ಅವನ ದನಿ ತಾನಾಗಿ ತಗ್ಗಿತು. "ಓ... ಮುಗೀತಾ ಮೇಡಂ ಕೇಸು?"

"ಇಲ್ಲ. ವಿಚಾರಣೆ ನಡೀತಾ ಐತೆ" ಎಂದೆ.

ಅವನು ಗಂಭೀರವಾಗಿ ತಲೆಯಾಡಿಸಿದ. ನನ್ನ ಮುಖದಲ್ಲೂ ಏನೂ ಅಲುಗಲಿಲ್ಲವೆಂದು ನಂಬಿದ್ದೇನೆ. ಕ್ಯಾಸೆಟ್ಟು ಇನ್ನೂ ಬೆಚ್ಚಗಿತ್ತು. ಚೀಲಕ್ಕೆ ಹಾಕದೆ ಕೈಯಲ್ಲೇ ಹಿಡಿದುಕೊಂಡು ರಸ್ತೆಗೆ ಬಂದೆ.