ಸೀರೆ ಕಟ್ಟಿದ ಗುಡ್ಡ

ಅಬ್ಬಿಗೇರಿಯ ಗೌಸುಸಾಬನ ಮಗಳು ಯಾಸ್ಮಿನಳಿಗೆ ಊರು ಇಟ್ಟ ಹೆಸರು ಹಂದಿ ಮೇಡಂ. ಅಪ್ಪ ಗಾದಿ ತುಂಬುವವನು, ಅವ್ವ ಜಮಾಲಬಿ ಹಳೇ ಸೀರೆ ಕೂಡಿಸಿ ಕೌದಿ ಹೊಲಿಯುವವಳು. ಇಂಥವರ ಮನೆಯಲ್ಲಿ ಹುಟ್ಟಿ, ಧಾರವಾಡಕ್ಕೆ ಹೋಗಿ, ಕಾಡುಪ್ರಾಣಿಗಳ ಶಾಸ್ತ್ರ ಓದಿ ಬಂದ ಹುಡುಗಿ ಕೊನೆಗೆ ಹಿಡಿದದ್ದು ಯಾವ ಕೆಲಸ? ಹಂದಿ ಹೊಡೆಸುವುದು! ಮಸೀದಿ ಕಟ್ಟೆಯ ಮೇಲೆ ಕೂತವರಿಗೆ ನಗಲು ಇನ್ನೇನು ಬೇಕು?

"ಗೌಸುಸಾಬ, ನಿನ್ನ ಮಗಳು ಇವತ್ತ ಎಷ್ಟ ಕೆಡವಿದಳಪಾ?"

"ಸರಕಾರದ ಕೆಲಸ ಐತ್ರೀ," ಎಂದು ಗೌಸುಸಾಬ ತಲೆ ತಗ್ಗಿಸಿ ಸಾಗಿಬಿಡುವನು.

ಕೆಲಸ ಹುಟ್ಟಿದ್ದು ಹೀಗೆ. ಗಜೇಂದ್ರಗಡದ ಕಡೆ, ಲಕ್ಕಲಕಟ್ಟಿಯ ಹೊಲಗಳು ಮುಗಿದಲ್ಲಿ ಏಳುವ ಗುಡ್ಡಗಳಿಗೆ ಮಿಲಿಟರಿಯವರು ತಂತಿಬೇಲಿ ಹಾಕಿ ಗುಂಡು ಹಾರಿಸುವ ತಾಲೀಮು ನಡೆಸುತ್ತಿದ್ದರು. ಗೇಟಿನ ಕಂಬಕ್ಕೆ ಕೆಂಪು ಬಾವುಟ ಏರಿತೆಂದರೆ ನರಪಿಳ್ಳೆಯೂ ಒಳಗೆ ಹೋಗುವಂತಿಲ್ಲ. ಜನರಿಲ್ಲದ ಜಾಗದಲ್ಲಿ ಕಾಡುಹಂದಿಗಳು ಹೇಳೋರು ಕೇಳೋರಿಲ್ಲದೆ ಬೆಳೆದವು, ಬೇಲಿಯಡಿ ನುಸುಳಿ ಬಂದು ಗೋವಿನಜೋಳದ ಹೊಲಗಳನ್ನು ನೆಲಕ್ಕೆ ಮಲಗಿಸಿದವು. ರೈತರು ಗದ್ದಲವೆಬ್ಬಿಸಿದ ಮೇಲೆ ಒಂದು ಒಪ್ಪಂದವಾಯಿತು. ಬಾವುಟ ಇಳಿದ ದಿನ, ಬೆಳೆ ಕಾಯುವ ಬಂದೂಕಿಗೆ ಲೈಸನ್ಸ್ ಇದ್ದವರು ಒಳಗೆ ಹೋಗಿ ಹಂದಿ ಹೊಡೆಯಬಹುದು. ಲೈಸನ್ಸ್ ನೋಡಿ ಟೋಕನ್ ಕೊಡುವುದು, ಎಲ್ಲಿಯವರೆಗೆ ಹೋಗಬಹುದೆಂದು ಹೇಳುವುದು, ಹೋದವರೆಲ್ಲ ಹೊರಬೀಳುವ ತನಕ ಗೇಟು ಬಿಟ್ಟು ಕದಲದಿರುವುದು, ಸತ್ತ ಹಂದಿಯ ವಯಸ್ಸು ತೂಕ ಬರೆದು ಹೂಳಿಸುವುದು, ಇಷ್ಟೂ ಯಾಸ್ಮಿನಳ ಪಾಲಿಗೆ ಬಂತು.

ಅವಳು ಒಪ್ಪಿದ್ದು ಹಂದಿಗಾಗಿ ಅಲ್ಲ, ತೋಳಕ್ಕಾಗಿ. ಎಡಗಿವಿ ಹರಿದ ಒಂದು ಹೆಣ್ಣು ತೋಳದ ಹಿಂದೆ ಅವಳು ಆರು ವರ್ಷ ಅಲೆದಿದ್ದಳು. ಈ ಸಲ ಅದು ಬೇಲಿಯೊಳಗಿನ ಪಡುವಣ ಗುಡ್ಡದ ಗವಿಯಲ್ಲಿ ಮರಿ ಹಾಕಿತ್ತು. ಬೇರೆ ಯಾರಾದರೂ ಈ ಕೆಲಸಕ್ಕೆ ಬಂದರೆ ಆ ಗವಿ ಉಳಿಯುವುದಿಲ್ಲ ಎಂದು ತಾನೇ ಬಂದಳು. ಆದರೆ ಗವಿಯ ಸುದ್ದಿಯನ್ನು ಯಾರಿಗೂ ಹೇಳಲಿಲ್ಲ, ಅರಣ್ಯ ಇಲಾಖೆಯ ಮೇಲಿನ ಸಾಹೇಬರಿಗೂ ಇಲ್ಲ. ಹಿಂದೊಮ್ಮೆ ಇನ್ನೊಂದು ಗವಿಯ ಜಾಡು ಬಾಯಿಬಿಟ್ಟು ಕೆಟ್ಟಿದ್ದಳು. ಮೂರನೇ ದಿನಕ್ಕೆ ಕುರಿ ಕಳೆದುಕೊಂಡವರು ಯಾರೋ ಅದರ ಬಾಯಿಗೆ ಕಲ್ಲು ತುಂಬಿದ್ದರು, ಮರಿಗಳು ಒಳಗೇ ಇದ್ದವು. ಅಂದಿನಿಂದ ಅವಳಿಗೆ ಜನರ ಮೇಲೆ ನಂಬಿಕೆಯೇ ಹೋಗಿತ್ತು.

ಪಡುವಣ ಗುಡ್ಡದ ಕಡೆ ಯಾರೂ ಸುಳಿಯದಂತೆ ಒಂದು ಗುರುತು ಬೇಕಿತ್ತು. ಕೆಂಪು ಬಟ್ಟೆ ಮಾತ್ರ ಕಟ್ಟಬೇಡಿ, ಅದು ನಮ್ಮದು ಎಂದರು ಮಿಲಿಟರಿಯವರು. ಯಾಸ್ಮಿನ ಮನೆಗೆ ಹೋಗಿ, ಅವ್ವ ಕೌದಿಗೆಂದು ಕಟ್ಟಿಟ್ಟಿದ್ದ ಸೀರೆಗಳ ಗಂಟು ಹೊತ್ತು ತಂದಳು. ಗುಡ್ಡದ ಬುಡದುದ್ದಕ್ಕೂ ಗೂಟ ಹೊಡೆದು, ಗೂಟದಿಂದ ಗೂಟಕ್ಕೆ ಸೀರೆ ಕಟ್ಟಿದಳು. ಬಂದೂಕಿನವರನ್ನು ನಿಲ್ಲಿಸಿಕೊಂಡು ಹೇಳಿದಳು:

"ಈ ಸೀರಿ ದಾಟಬ್ಯಾಡ್ರಿ. ಆ ಕಡೆ ಸಿಡೀಲಾರದ ಬಾಂಬ್ ಬಿದ್ದಾವು."

ಅಯ್ಯೋ ಹುಚ್ಚಿ! ಈ ಸೀಮೆಯಲ್ಲಿ ಹೊಲದ ಸುತ್ತ ಸೀರೆ ಕಟ್ಟುವುದು ಯಾಕೆ? ಹಂದಿ ಬರದಿರಲಿ ಎಂದು. ಗಾಳಿಗೆ ಅಲುಗುವ ಸೀರೆ ಕಂಡರೆ ಹಂದಿ ನಿಲ್ಲುತ್ತದೆ, ಪಕ್ಕಕ್ಕೆ ಹೊರಳುತ್ತದೆ. ಇದು ಎಳೇ ಕೂಸಿಗೂ ಗೊತ್ತು. ಅವಳಿಗೂ ಗೊತ್ತಿತ್ತು. ಆದರೆ ಗೌಸುಸಾಬನಿಗೆ ಒಂದು ಗುಂಟೆ ಹೊಲವೂ ಇರಲಿಲ್ಲವಲ್ಲ, ಸೀರೆ ಕಂಡ ರೈತನ ತಲೆ ಯಾವ ಕಡೆ ಓಡುತ್ತದೆಂದು ಅವಳಿಗೆ ಹೊಳೆಯಲೇ ಇಲ್ಲ.

ಬಂದೂಕಿನವರ ಮುಂದಾಳು ಲಕ್ಕಲಕಟ್ಟಿಯ ಪರಶಪ್ಪ. ನೆಟ್ಟಗಿನ ಮನುಷ್ಯ. ಟೋಕನ್ ಇಸಿದುಕೊಳ್ಳುವಾಗಲೆಲ್ಲ ರೊಟ್ಟಿ, ಶೇಂಗಾ ಚಟ್ನಿಯ ಗಂಟೊಂದನ್ನು ಅವಳ ಟೇಬಲ್ಲಿನ ಮೇಲಿಟ್ಟು "ಉಪಾಸ ಕುಂದರಬ್ಯಾಡ್ರಿ ಮೇಡಂ" ಎನ್ನುವನು. ಆ ದಿನವೂ ಇಟ್ಟು ಹೋದ. ಸೀರೆ ನೋಡಿದ, ಅವನ ಮುಖ ಅರಳಿತು. ಮೇಡಂ ಹಂದಿಗೆ ಗೋಡೆಯನ್ನೇ ಕಟ್ಟಿಕೊಟ್ಟಿದ್ದಾರೆ! ಮೂಡಣದಿಂದ ತಗಡು ಬಾರಿಸಿ ಹಂದಿ ಅಟ್ಟಲು ಹತ್ತು ಮಂದಿಯನ್ನು ಕಳಿಸಿದ. ಬಂದೂಕಿನವರನ್ನು ಸೀರೆಯ ಸಾಲಿಗುಂಟ ನಿಲ್ಲಿಸಿದ. ಒಬ್ಬರೂ ಗೆರೆ ದಾಟಲಿಲ್ಲ.

ಗೇಟಿನಲ್ಲಿ ಕೂತ ಯಾಸ್ಮಿನಳಿಗೆ ಗುಂಡಿನ ಸಪ್ಪಳ ಪಡುವಣದಿಂದ ಬರುತ್ತಿದೆ ಅನ್ನಿಸಿತು. ನಿಯಮ ಗಿಯಮ ಬಿಟ್ಟು ಓಡಿದಳು. ಅಷ್ಟರಲ್ಲಿ ಪರಶಪ್ಪನೇ ಎದುರು ಬಂದ.

"ಐದು ಹಂದಿ ಬಿದ್ದೂರಿ! ನಿಮ್ಮ ಸೀರಿ ಭಾಳ ಚಲೋ ಕೆಲಸ ಮಾಡಿದ್ವು ನೋಡ್ರಿ." ಆಮೇಲೆ ದನಿ ಇಳಿಸಿದ. "ಒಂದ ತೋಳನೂ ಬಿತ್ರಿ. ಹಂದಿ ಹಿಂಡಿನ ಬೆನ್ನಿಗೇ ಬಂತು. ಸೀರಿ ಹತ್ರ ಗಕ್ಕನ ನಿಂತು ಹೊಳ್ಳಿತು. ಗಿಡದಾಗ ಬೆನ್ನಷ್ಟ ಕಂಡಿತ್ರಿ, ಹಂದೀನ ಅಂತ ಹೊಡದ್ನಿ."

ತೋಳ ಅವ್ವನ ಹಸಿರು ಸೀರೆಯ ಕೆಳಗೆ ಬಿದ್ದಿತ್ತು. ಎಡಗಿವಿ ಹರಿದಿತ್ತು. ತಗಡಿನ ಸಪ್ಪಳಕ್ಕೆ ಬೆದರಿ ಮರಿಗಳ ಕಡೆಗೆ ಓಡಿ ಬಂದಿತ್ತು ಅದು. ಯಾಸ್ಮಿನ ಮೊಣಕಾಲೂರಿ ಹೊಟ್ಟೆ ಮುಟ್ಟಿದಳು. ಬೆರಳಿಗೆ ಹಾಲು ಹತ್ತಿತು.

"ಇದರ ಮರಿ ಅದಾವು," ಎಂದಳು. "ಮ್ಯಾಲ, ಗವಿಯಾಗ."

"ಮ್ಯಾಲ ಬಾಂಬ್ ಅದಾವು ಅಂದಿದ್ರಲ್ರೀ?"

ಪರಶಪ್ಪ ಅವಳ ಮುಖವನ್ನೇ ನೋಡುತ್ತ ನಿಂತ. ಅವನಿಗೆ ತಿಳಿಯಿತು.

ಮರಿಗಳಿಗೆ ಇನ್ನೂ ಮೂರು ವಾರ ತುಂಬಿರಲಿಲ್ಲ. ಲಗೂ ಹೋಗಿ ತಂದರೆ ಬಾಟಲಿ ಹಾಲು ಕುಡಿಸಿ ಉಳಿಸಿಕೊಳ್ಳಬಹುದು. ಮೇಲೆ ಹತ್ತಲು ಹೊರಟಾಗಲೇ ಗೇಟಿನಿಂದ ಸೀಟಿ ಊದಿದರು. ಬಾವುಟ ಏರುವ ಹೊತ್ತಾಗಿತ್ತು. ಯಾಸ್ಮಿನ ಗೇಟಿನ ಸಿಪಾಯಿಯ ಮುಂದೆ ಕೈಮುಗಿದಳು, ಅತ್ತಳು, ಬೈದಳು. ಮೂರು ದಿನ ತೋಪಿನ ತಾಲೀಮು, ಗವಿಯೊಂದು ಇದೆಯೆಂದು ನಮ್ಮ ನಕ್ಷೆಯಲ್ಲಿ ಇಲ್ಲ, ಮೊದಲೇ ಬರೆದುಕೊಟ್ಟಿದ್ದರೆ ಆ ಮಗ್ಗುಲನ್ನೇ ಬಿಡುತ್ತಿದ್ದೆವು ಎಂದ ಅವನು. ತಪ್ಪು ಮಾತೇನಲ್ಲ.

ಸಾಹೇಬರಿಗೆ ಫೋನ್ ಹಚ್ಚಿದಳು. "ಬೇರೆ ಪ್ರಾಣಿಗೆ ಧಕ್ಕಿ ಆಗಿಲ್ಲ ಅಂತ ಬರದು ಕಳಸ್ರಿ," ಎಂದರು ಅವರು. "ತೋಳ ಅಂತ ಬರದ್ರ ಆ ಪರಶಪ್ಪ ಜೇಲಿಗೆ ಹೊಕ್ಕಾನ, ನಿಮ್ಮ ಕೆಲಸಾನೂ ಹೊಕ್ಕೈತಿ."

ಮೂರು ದಿನ ಗುಡ್ಡ ಗುಡುಗಿತು. ಗಂಡು ತೋಳ ಮಾಂಸ ತಂದೀತು, ಹಾಲು ಎಲ್ಲಿಂದ ತಂದೀತು? ಅಬ್ಬಿಗೇರಿಯಲ್ಲಿ ಯಾಸ್ಮಿನ ಗೋಡೆಗೆ ಒರಗಿ ಕೂತೇ ಇದ್ದಳು. "ಸೀರಿ ಎಲ್ಲೆವ್ವಾ?" ಎಂದು ಜಮಾಲಬಿ ಕೇಳಿದರೆ ಗೋಡೆಗೆ ಮುಖ ತಿರುಗಿಸಿದಳು.

ನಾಲ್ಕನೇ ದಿನ ಬೆಳಿಗ್ಗೆ ಬಾವುಟ ಇಳಿದಾಗ ಗೇಟಿನ ಮುಂದೆ ಪರಶಪ್ಪ ಬಂದೂಕಿಲ್ಲದೆ ನಿಂತಿದ್ದ. ಅವನ ಕೈಯಲ್ಲಿ ಆಡಿನ ಹಾಲಿನ ತಂಬಿಗೆ. ಇಬ್ಬರೂ ಗುಡ್ಡ ಹತ್ತಿದರು. ಮರಿಗಳು ಐದಿದ್ದವು. ತಾಯಿಯನ್ನು ಹುಡುಕಿ ಗವಿಯ ಬಾಯಿಯವರೆಗೆ ತೆವಳಿ ಬಂದು, ಅಲ್ಲೇ ಒಂದರ ಮೇಲೊಂದು ಬಿದ್ದು ತಣ್ಣಗಾಗಿದ್ದವು. ಯಾಸ್ಮಿನ ಒಂದೊಂದನ್ನೂ ಎತ್ತಿ ಕಿವಿ ಹಚ್ಚಿ ನೋಡಿದಳು. ಪರಶಪ್ಪ ಹಾಲನ್ನು ಕಲ್ಲಿನ ಮೇಲೆ ಚೆಲ್ಲಿ, ಕುಣಿ ತೋಡತೊಡಗಿದ.

"ಹೊಡದಾಂವ ನಾನು. ನನ್ನ ಹೆಸರು ಬರೀರಿ," ಎಂದ ತಲೆಯೆತ್ತದೆ. "ಆದ್ರ ಮೇಡಂ, ನಾನೇನ್ ಕುರಿ ಸಾಕಾಂವ ಅಲ್ಲ. ತೋಳ ಹಂದಿಮರಿ ತಿಂತೈತಿ, ನನ್ನ ಹೊಲ ಕಾಯ್ತೈತಿ. ಒಂದ ಮಾತ ಹೇಳಿದ್ರ ಈ ಗವಿ ನಾನ ಕಾಯ್ತಿದ್ನೆಲ್ರಿ."

ಅವಳು ಮರಿಗಳನ್ನು ಕುಣಿಯೊಳಗಿಟ್ಟು ಮಣ್ಣು ಎಳೆದಳು.

ಗೇಟಿಗೆ ಇಳಿದು ಬಂದು ವರದಿಯ ಹಾಳೆ ತೆಗೆದಳು. ಪರಶಪ್ಪನ ಹೆಸರಿಗಿಂತ ಮೊದಲು ತನ್ನ ಹೆಸರು ಬರೆದಳು. ಪಡುವಣ ಗುಡ್ಡದಲ್ಲಿ ಬಾಂಬ್ ಇರಲಿಲ್ಲ, ತೋಳದ ಗವಿ ಇತ್ತು, ಸುಳ್ಳು ಹೇಳಿದವಳು ನಾನು ಎಂದು ಬರೆದಳು. ಆಮೇಲೆ ಗವಿಗೆ ಹೋಗುವ ದಾರಿಯನ್ನು, ಯಾವ ಬಂಡೆಯ ಹತ್ತಿರ ಹೊರಳಬೇಕು, ಎಲ್ಲಿ ಹತ್ತಬೇಕು ಎಂಬುದನ್ನೆಲ್ಲ ಬಿಡಿಸಿ ಬಿಡಿಸಿ ಬರೆದಳು. ಇನ್ನು ಯಾರಿಗೆ ಗೊತ್ತಾದರೂ ಹೆದರಿಕೆ ಇರಲಿಲ್ಲ.